ರಮೇಶನ ಜೀಪಿನಲ್ಲಿ ದುರ್ಗಕ್ಕೆ

ಕಾಸರಗೋಡಿನವರಾದ ನಮಗೆ ಕಾಗದದ ಮಟ್ಟಿಗೆ ಕರ್ನಾಟಕ ಪರರಾಜ್ಯ. ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಾ ಚಿತ್ರದುರ್ಗದ ಕೋಟೆಯ ಮೇಲೆ ಮಕ್ಕಳಿಂದ ಎಷ್ಟು ಪ್ರಬಂಧ ಬರೆಸಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಆ ಕಡೆ ಒಮ್ಮೆಯೂ ಕಾಲಿಟ್ಟವಳಲ್ಲ. ಈ ಮಾರ್ಚ್ ತಿಂಗಳಲ್ಲಿ ಹೋಗಿ ಬಂದೆ. ಕೋಟೆ ಹೇಗಿದೆ ಎಂದು ಊರಿನಲ್ಲಿ ಕೆಲವರು ಕೇಳಿದರು. ರಸ್ತೆಯಿಂದ ಕಂಡಷ್ಟು ಕಂಡೆ, ಅಷ್ಟೆ.

ಹೋದದ್ದು ಒಂದು ಹೆಣ ನೋಡಲಿಕ್ಕೆ.

ಹನ್ನೊಂದು ವರ್ಷದ ಹಿಂದೆ ನಮ್ಮ ತಮ್ಮ ರಮೇಶ ಒಂದು ಬೆಳಿಗ್ಗೆ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಜಗಳ ಆಗಿರಲಿಲ್ಲ, ಕಾಯಿಲೆ ಇರಲಿಲ್ಲ. ಹೆಂಡತಿ ಶಾರದೆಗೆ ಪೇಟೆಗೆ ಹೋಗಿ ಬರುತ್ತೇನೆ ಎಂದಿದ್ದನಂತೆ. ಅವನು ಬಾಡಿಗೆಗೆ ಓಡಿಸುತ್ತಿದ್ದ ಡೀಸೆಲ್ ಜೀಪು ಅಂಗಳದಲ್ಲಿಯೇ ನಿಂತಿತ್ತು. ನಾಲ್ಕು ಚಕ್ರವೂ ಎಳೆಯುವ ಆ ಹಳೆಯ ಗಾಡಿಯಲ್ಲಿ ಅವನು ನಮ್ಮ ಗುಡ್ಡದ ಮೇಲಿನ ಮನೆಗಳಿಗೆ ಸಿಮೆಂಟು, ಗೊಬ್ಬರ, ಹೆರಿಗೆಯ ಹೆಂಗಸರು ಎಲ್ಲವನ್ನೂ ಸಾಗಿಸುತ್ತಿದ್ದ. ಅಣ್ಣ ಅದನ್ನು ಮಾರಲಿಲ್ಲ. ಪ್ರತಿ ಭಾನುವಾರ ಸ್ಟಾರ್ಟ್ ಮಾಡಿ, ಒಂದು ಸುತ್ತು ಓಡಿಸಿ, ತೊಳೆದು ಇಡುತ್ತಿದ್ದ. ಬಂದರೆ ಅವನಿಗೆ ಕೆಲಸ ಬೇಡವಾ ಎನ್ನುತ್ತಿದ್ದ.

ಪೊಲೀಸರ ಫೋನು ಬಂದದ್ದು ಸೋಮವಾರ. ಹಿರಿಯೂರು ತಾಲೂಕಿನ ಮಾರಿಕಣಿವೆಯ ಹತ್ತಿರ ಕಾಲುವೆಯ ಬದಿಯಲ್ಲಿ ಒಬ್ಬ ಮನುಷ್ಯ ಸತ್ತು ಬಿದ್ದಿದ್ದ. ನಲವತ್ತೈದರ ಆಸುಪಾಸು. ಬಲ ಮೊಣಕಾಲಿನ ಕೆಳಗೆ ಹಳೆಯ ಗಾಯದ ಕಲೆ. ಪಕ್ಕದಲ್ಲಿದ್ದ ಕೈಚೀಲದ ಮೇಲೆ ನಮ್ಮ ಕಡೆಯ ಜವಳಿ ಅಂಗಡಿಯೊಂದರ ಹೆಸರು. ನಾವು ಕೊಟ್ಟಿದ್ದ ಹಳೆಯ ದೂರಿನಲ್ಲಿಯೂ ಆ ಕಲೆಯ ಮಾತು ಇತ್ತು. ಹೆಣ ಚಿತ್ರದುರ್ಗದ ಆಸ್ಪತ್ರೆಯಲ್ಲಿದೆ, ಬುಧವಾರ ಮಧ್ಯಾಹ್ನದವರೆಗೆ ಇಟ್ಟಿರುತ್ತೇವೆ, ಆಮೇಲೆ ಮಣ್ಣು ಮಾಡಬೇಕಾಗುತ್ತದೆ ಎಂದರು.

"ಜೀಪಿನಲ್ಲಿ ಹೋಗುವ" ಎಂದ ಅಣ್ಣ. ಹಿಂದಿನ ಸೀಟು ಬಿಚ್ಚಿ ಅಂಗಳದಲ್ಲಿಟ್ಟ. ಒಂದು ಚಾಪೆ, ಹೊಸ ಬಿಳಿ ಬಟ್ಟೆ, ಹಗ್ಗ ಇವಿಷ್ಟನ್ನು ಒಳಗಿಟ್ಟ. ಮಂಗಳವಾರ ಬೆಳಕು ಹರಿಯುವ ಮೊದಲು ಹೊರಟೆವು. ಗೇಟಿನ ತನಕ ಬಂದ ಶಾರದೆ ಅದನ್ನು ತೆರೆದು ಹಿಡಿದಳು.

ಹೊಸದುರ್ಗದ ಈಚೆ

ಚಾರ್ಮಾಡಿ ಹತ್ತುವಾಗ ಜೀಪು ತೊಂದರೆ ಕೊಡಲಿಲ್ಲ. ಕಡೂರು, ಬೀರೂರು ದಾಟಿ, ಅಜ್ಜಂಪುರ ಬಿಟ್ಟ ಮೇಲೆ ಊರಿನ ರೂಪವೇ ಬದಲಾಯಿತು. ನಮ್ಮಲ್ಲಿ ಹತ್ತು ಮಾರು ನೋಡಿದರೆ ಒಂದು ಮರ ಅಡ್ಡ ಬರುತ್ತದೆ. ಇಲ್ಲಿ ಕಣ್ಣು ಎಲ್ಲಿಯೂ ತಡೆಯುವುದಿಲ್ಲ. ಬರೀ ಬಯಲು, ದೂರದಲ್ಲಿ ಬೋಳು ಗುಡ್ಡಗಳು, ಅವುಗಳ ನೆತ್ತಿಯಲ್ಲಿ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಇಷ್ಟು ತೆರೆದ ಜಾಗದಲ್ಲಿ ಒಬ್ಬ ಮನುಷ್ಯ ಹೇಗೆ ಕಾಣೆಯಾಗಿ ಇರಬಲ್ಲ ಎಂದು ನನಗೆ ಅನ್ನಿಸಿತು.

ಹೊಸದುರ್ಗ ಇನ್ನೂ ಸ್ವಲ್ಪ ದೂರ ಇರುವಾಗ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿತು. ಅಣ್ಣ ಬದಿಗೆ ನಿಲ್ಲಿಸಿದ. ಬಾನೆಟ್ಟಿನಿಂದ ಹಬೆ. ಕೆಳಗೆ ಬಗ್ಗಿ ನೋಡಿದರೆ ನೆಲ ಒಣಗಿತ್ತು, ಒಂದು ಹನಿಯೂ ಬಿದ್ದಿರಲಿಲ್ಲ.

ಕುರಿಮಂದೆ ಹೊಡೆದುಕೊಂಡು ಬರುತ್ತಿದ್ದ ಹೆಗಲ ಕಂಬಳಿಯ ಮುದುಕನೊಬ್ಬ ನಿಂತ. ಹೆಸರು ಕರಿಯಪ್ಪ, ಊರು ಬಾಗೂರು ಎಂದು ಕೇಳುವ ಮೊದಲೇ ಹೇಳಿದ. ಆಮೇಲೆ ನಮ್ಮದನ್ನು ಕೇಳಿದ. ಯಾವ ಊರು, ಯಾವ ಜನ, ಎಲ್ಲಿಗೆ, ಯಾಕೆ. ನಮ್ಮ ಕಡೆ ಇಷ್ಟು ಕೇಳಲಿಕ್ಕೆ ನಾಲ್ಕು ಭೇಟಿ ಆಗಬೇಕು.

"ನೆಂಟರ ಮನೆಗೆ" ಎಂದೆ ನಾನು.

"ಅರ್ಜೆಂಟ್ ಮಾಡಬ್ಯಾಡ್ರಿ. ಆರ್ಲಿ. ಈಗ ಮುಚ್ಳ ಮುಟ್ಟಿದ್ರೆ ಮಕಕ್ಕೆ ಹಾರ್ತೈತೆ" ಎಂದು ಅವನು ಹೇಳುತ್ತಿರುವಾಗಲೇ ಅಣ್ಣ ಹೆಗಲ ಮೇಲಿದ್ದ ಬೈರಾಸು ಬಟ್ಟೆಯನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಅವನ ಬಲ ಮುಂಗೈಯಿಂದ ಮೊಣಕೈವರೆಗೆ ಹಾರಿತು. ಅವನು ಕೈಯನ್ನು ಎದೆಗೆ ಒತ್ತಿಕೊಂಡು ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟ.

ಕರಿಯಪ್ಪ ತನ್ನ ಕ್ಯಾನಿನ ನೀರನ್ನು ಅಣ್ಣನ ಕೈ ಮೇಲೆ ನಿಧಾನವಾಗಿ ಸುರಿದ. ಉಳಿದದ್ದನ್ನು ಒಂದು ಗಂಟೆ ಕಳೆದ ಮೇಲೆ ರೇಡಿಯೇಟರಿಗೆ ಹೊಯ್ದ. ಅದು ಅವನ ಸಂಜೆಯವರೆಗಿನ ಕುಡಿಯುವ ನೀರು. ಬೇಡ ಎಂದದ್ದಕ್ಕೆ, "ಮುಂದೆ ಗೋಕಟ್ಟೆಯಾಗೆ ನೀರೈತೆ ಬಿಡ್ರಿ" ಎಂದ. "ಈ ಗಾಡಿಗೆ ಹೊಸದುರ್ಗದಾಗೆ ಯಾರೂ ಕೈ ಹಾಕಲ್ಲ. ಹೊಳಲ್ಕೆರೆಗೆ ಹೋಗ್ರಿ. ರುದ್ರಣ್ಣ ಅಂತ ಅದಾನೆ, ಹಳೇ ಜೀಪು ಅಂದ್ರೆ ಅವ್ನೇಯ."

ಅಣ್ಣನ ಕೈಯಲ್ಲಿ ಗಾಡಿ ಓಡಿಸಲು ಆಗುತ್ತಿರಲಿಲ್ಲ. ನಾನೇ ಸ್ಟೇರಿಂಗ್ ಹಿಡಿದೆ. ಈ ಜೀಪಿನಲ್ಲಿಯೇ ರಮೇಶ ನನಗೆ ಓಡಿಸಲು ಕಲಿಸಿದ್ದ. ಅವನು ಹೋದ ಮೇಲೆ ನಾನು ಯಾವ ಗಾಡಿಯನ್ನೂ ಮುಟ್ಟಿರಲಿಲ್ಲ. ಮೂರು ಕಡೆ ನಿಲ್ಲಿಸಿ, ಕಾದು, ನೀರು ಬೇಡಿ, ತುಂಬಿ, ಹೊಳಲ್ಕೆರೆ ಮುಟ್ಟುವಾಗ ಹೊತ್ತು ಇಳಿದಿತ್ತು.

ಹೊಳಲ್ಕೆರೆ

ರುದ್ರಣ್ಣನಿಗೆ ಅರವತ್ತು ಇರಬಹುದು. ಹಣೆಯಲ್ಲಿ ವಿಭೂತಿ, ಅದರ ಮೇಲೆ ಗ್ರೀಸಿನ ಒಂದು ಬೆರಳು. ಗ್ಯಾರೇಜು ಮನೆಗೆ ಅಂಟಿಕೊಂಡಿತ್ತು. ಮೊದಲು ಅವನು ಜೀಪನ್ನು ನೋಡಲಿಲ್ಲ, ಅಣ್ಣನ ಕೈ ನೋಡಿದ. ಹೆಂಡತಿಯನ್ನು ಕರೆದ. ಗಂಗಮ್ಮ ಲೋಳೆಸರ ಸೀಳಿ ತಂದು ಹಚ್ಚಿ, ತೆಳು ಬಟ್ಟೆ ಸುತ್ತಿದಳು.

"ಕುಂತ್ಕಳ್ರಿ" ಎಂದು ಸ್ಟೂಲು ಎಳೆದುಕೊಟ್ಟು ರುದ್ರಣ್ಣ ಪರೀಕ್ಷೆಗೆ ನಿಂತ. ಅವನಿಗೆ ಯಾವ ಆತುರವೂ ಇರಲಿಲ್ಲ. ಗಡಿಯಾರ ನೋಡುತ್ತಿದ್ದವಳು ನಾನು. ದುರ್ಗದ ನೆಂಟರ ಮನೆಗೆ ಎಂದು ಅವನಿಗೂ ಹೇಳಿದ್ದೆ.

ಆಯಿಲ್ ನೋಡುವ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದ. "ಹಾಲು ಬೆರೆಸಿದ ಚಾ ಬಣ್ಣ ಆಗಿಲ್ಲ. ಆಯಿಲಿಗೆ ನೀರು ಹೋಗ್ತಿಲ್ಲ. ಬಚಾವು." ಇಂಜಿನು ಆರಿದ ಮೇಲೆ ನೀರು ತುಂಬಿ, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಬಾಯಿಗೆ ಟಾರ್ಚ್ ಹಿಡಿದ. ಗುಳ್ಳೆ ಬರಲಿಲ್ಲ. "ಇಂಜಿನ್ ಹೆಡ್ಡು ಸರಿ ಐತೆ." ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಸುಕಿದ, ಬಿಳಿ ಬಟ್ಟೆಯಲ್ಲಿ ಒರೆಸಿ ಬಟ್ಟೆ ನೋಡಿದ. ವಾಟರ್ ಪಂಪಿನ ಅಡಿಗೆ ಬೆರಳು ತೂರಿಸಿದ. ಎಲ್ಲವೂ ಒಣ. ಗಾಡಿಯ ಕೆಳಗೆ ರಟ್ಟು ಹಾಸಿ ಕಾದ. ರಟ್ಟಿನ ಮೇಲೂ ಹನಿ ಇಲ್ಲ.

"ನೀರು ಹೋಗ್ತೈತೆ, ಬೀಳ್ತಿಲ್ಲ" ಎಂದ. ಹೀಗೆ ಹೇಳಿ ಒಂದು ಬೀಡಿ ಹಚ್ಚಿದ. ಆಮೇಲೆ ಒಳಗಿನಿಂದ ಗಾಳಿ ಹೊಡೆಯುವ ಸಣ್ಣ ಪಂಪು ತಂದು ರೇಡಿಯೇಟರಿನ ಬಾಯಿಗೆ ಕೂರಿಸಿ ಒತ್ತಡ ಕೊಟ್ಟ. ಪಂಪಿನ ಮೇಲಿದ್ದ ಮುಳ್ಳು ನೋಡನೋಡುತ್ತ ಇಳಿಯಿತು. ಇಂಜಿನಿನ ಹಿಂಬದಿಗೆ ಮುಖ ಚಾಚಿ ಕಿವಿಗೊಟ್ಟ. ಕೊನೆಗೆ ಗಡ್ಡ ಬೋಳಿಸಿಕೊಳ್ಳುವ ಕನ್ನಡಿಯೊಂದನ್ನು ಸೈಲೆನ್ಸರ್ ಪೈಪಿನ ಸಂದಿಗೆ ಇಳಿಸಿ, ಟಾರ್ಚಿನ ಬೆಳಕನ್ನು ಅದಕ್ಕೆ ಹೊಡೆದ.

"ಬರ್ರಿ ಅಕ್ಕಾ, ಇಲ್ಲೈತೆ ನೋಡ್ರಿ."

ಕನ್ನಡಿಯಲ್ಲಿ ಕಾಸಿನಗಲದ ತಗಡಿನ ಬಿಲ್ಲೆಯೊಂದು ಕಂಡಿತು. ಇಂಜಿನು ಎರಕ ಹೊಯ್ಯುವಾಗ ಉಳಿಯುವ ತೂತಿಗೆ ಬಡಿದು ಕೂರಿಸುವ ಮುಚ್ಚಳವಂತೆ ಅದು. ಅಂಚು ತುಕ್ಕು ಹಿಡಿದು ಜರಡಿಯಾಗಿತ್ತು. ಇಂಜಿನು ಕಾದು ಒತ್ತಡ ಏರಿದಾಗ ಮಾತ್ರ ನೀರು ಜಿನುಗುತ್ತದೆ. ಜಿನುಗಿದ್ದು ಕೆಂಡದ ಹಾಗೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಅಲ್ಲಿಯೇ ಹಬೆಯಾಗುತ್ತದೆ. ನೆಲಕ್ಕೆ ತಲುಪುವುದೇ ಇಲ್ಲ.

"ರೇಡಿಯೇಟರಿಗೆ ಏನು ಹಾಕ್ತಿದ್ರಿ ಅಣ್ಣಾರೆ?"

"ನಮ್ಮ ಬಾವಿಯ ನೀರು" ಎಂದ ಅಣ್ಣ. "ಒಳ್ಳೆ ನೀರು. ಕುಡಿಯುವ ನೀರು."

"ಬರೀ ನೀರಾ? ಎಷ್ಟು ವರ್ಷ?"

"ಹನ್ನೊಂದು."

"ಕೂಲಂಟ್ ಬೆರೆಸಬೇಕಿತ್ತು. ಬರೀ ನೀರು ಒಳಗಿಂದ ತಿಂದ್ಬಿಡ್ತೈತೆ. ಓಡೋ ಗಾಡಿಗಿಂತ ನಿಂತ ಗಾಡಿಗೆ ಜಾಸ್ತಿ."

ಅಣ್ಣ ಹನ್ನೊಂದು ವರ್ಷದ ಭಾನುವಾರಗಳಲ್ಲಿ ಬಾವಿಯಿಂದ ಎಳೆದು, ಬಟ್ಟೆಯಲ್ಲಿ ಸೋಸಿ ಹೊಯ್ಯುತ್ತಿದ್ದ ಆ ನೀರನ್ನು ನಾನು ಕಂಡಿದ್ದೇನೆ.

ಆ ಅಳತೆಯ ಬಿಲ್ಲೆ ಹೊಳಲ್ಕೆರೆಯಲ್ಲಿ ಇರಲಿಲ್ಲ. ದುರ್ಗದ ಅಂಗಡಿಗೆ ರುದ್ರಣ್ಣ ಫೋನು ಹಚ್ಚಿದ. ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ ಎಂದರು.

"ಬೆಳಿಗ್ಗೆ ಬಿಲ್ಲೆ ಬಂದ್ರೂ ಸೈಲೆನ್ಸರ್ ಬಿಚ್ಚಬೇಕು, ಹೊತ್ತು ಹಿಡಿತೈತೆ. ನಿಮಗೆ ಅರ್ಜೆಂಟ್ ಇದ್ರೆ ಬಸ್ಸಿಗೆ ಹೋಗಿ ನೆಂಟರನ್ನ ನೋಡ್ಕಂಡು ಬರ್ರಿ. ಗಾಡಿ ರೆಡಿ ಮಾಡಿಟ್ಟಿರ್ತೀನಿ" ಎಂದ ರುದ್ರಣ್ಣ.

ನನಗೂ ಅದೇ ಸರಿ ಎನ್ನಿಸಿತ್ತು. ಅಣ್ಣ ಬೇಡವೆಂದು ತಲೆಯಾಡಿಸಿದ. "ನೋಡಿ ಬರಲಿಕ್ಕೆ ಹೋಗುವುದಲ್ಲ. ಕರಕೊಂಡು ಬರಲಿಕ್ಕೆ."

"ಅಲ್ಲಿ ಆಂಬುಲೆನ್ಸ್ ಸಿಗುತ್ತದೆ ಅಣ್ಣ. ನಾಳೆ ಮಧ್ಯಾಹ್ನ ದಾಟಿದರೆ ಅವನು ನಮಗೆ ಸಿಗುವುದಿಲ್ಲ."

"ಅವನ ಗಾಡಿಯಲ್ಲೇ ಬರಬೇಕು."

"ನಿನಗೆ ನೋಡಲಿಕ್ಕೆ ಹೆದರಿಕೆ. ಅದಕ್ಕೆ ಗಾಡಿಯ ನೆಪ" ಎಂದುಬಿಟ್ಟೆ. ಅವನು ನನ್ನನ್ನು ನೋಡಲಿಲ್ಲ. ಹೆದರಿದ್ದು ಅವನೊಬ್ಬನೇ ಅಲ್ಲ ಎಂದು ಆಗಲೂ ನನಗೆ ಗೊತ್ತಿತ್ತು. ನಾನೊಬ್ಬಳೇ ಬಸ್ಸು ಹತ್ತಿ ಹೋಗಬಹುದಿತ್ತು. ಹೋಗಲಿಲ್ಲ.

ಉಪಕರಣ ತೆಗೆಯಲು ಜೀಪಿನ ಹಿಂಬದಿಗೆ ಹೋಗಿದ್ದ ರುದ್ರಣ್ಣ ಅಲ್ಲಿದ್ದ ಚಾಪೆ, ಬಿಳಿ ಬಟ್ಟೆ, ಹಗ್ಗ ನೋಡಿದ. ತಿರುಗಿ ಬಂದು ಹೊಸ ಬೀಡಿಯನ್ನು ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ. "ನೆಂಟ್ರು ಎಲ್ಲವ್ರೆ?" ಎಂದು ಮೆಲ್ಲಗೆ ಕೇಳಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಮೊದ್ಲೇ ಹೇಳ್ಬಾರ್ದಾ ಅಕ್ಕಾ" ಎಂದವನೇ ಲುಂಗಿ ಎತ್ತಿಕಟ್ಟಿ ಗಾಡಿಯ ಕೆಳಗೆ ನುಗ್ಗಿದ. ಸೈಲೆನ್ಸರಿನ ನಟ್ಟುಗಳಿಗೆ ಡೀಸೆಲ್ ಹೊಯ್ದು ನೆನೆಹಾಕಿದ. ಒಂದು ಬೋಲ್ಟು ಅರ್ಧಕ್ಕೆ ಮುರಿಯಿತು. ಅದನ್ನು ಕೊರೆದು ತೆಗೆಯಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಊಟಕ್ಕೆ ಗಂಗಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಕುಚ್ಚಲಕ್ಕಿ ಉಣ್ಣುವ ನಾವು ಅದನ್ನು ಜಗಿಯುತ್ತಿದ್ದದ್ದು ಕಂಡು, "ಜಗಿಬಾರ್ದು ಅಣ್ಣಾರೆ, ನುಂಗ್ಬೇಕು" ಎಂದಳು. ಅಣ್ಣ ಎಡಗೈಯಲ್ಲಿ ಒಂದು ತುತ್ತು ಮುರಿದ, ನುಂಗಲು ಆಗಲಿಲ್ಲ. ಅವಳು ಸುಮ್ಮನೆ ಎದ್ದು ಹೋಗಿ ಅನ್ನಕ್ಕೆ ಇಟ್ಟಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಮಾತು. ಇಲ್ಲಿ ಮೊದಲು ಮಾತು. ಆದರೆ ವಿಷಯ ತಿಳಿದ ಮೇಲೆ ಆ ಮನೆಯವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಬೆಳಿಗ್ಗೆ ರುದ್ರಣ್ಣ ಬಸ್ ನಿಲ್ದಾಣಕ್ಕೆ ತಾನೇ ಹೋಗಿ ಪೇಪರಿನಲ್ಲಿ ಸುತ್ತಿದ ಬಿಲ್ಲೆ ತಂದ. ಹಳೆಯದರ ಒಂದು ಅಂಚಿಗೆ ಉಳಿಯಿಟ್ಟು ಬಡಿದಾಗ ಅದು ಓರೆಯಾಯಿತು. ಇಕ್ಕಳದಲ್ಲಿ ಹಿಡಿದೆಳೆದ. ಹಿಂದಿನಿಂದ ಕಂದು ಬಣ್ಣದ ಕೆಸರು ಸುರಿಯಿತು. ಅಣ್ಣ ನೋಡುತ್ತ ನಿಂತಿದ್ದ. ತೂತಿನ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ, ಹೊಸ ಹಿತ್ತಾಳೆಯ ಬಿಲ್ಲೆಗೆ ಅಂಟು ಸವರಿ, ಅದರ ಮೇಲೆ ನಟ್ಟು ಬಿಚ್ಚುವ ಸಾಕೆಟ್ ಇಟ್ಟು ಸುತ್ತಿಗೆಯಿಂದ ಒಂದೇ ಸಮನೆ ಬಡಿದು ಕೂರಿಸಿದ. ಸೈಲೆನ್ಸರ್ ತಿರುಗಿ ಜೋಡಿಸಿದ. ಹಸಿರು ಕೂಲಂಟ್ ಬೆರೆಸಿದ ನೀರು ತುಂಬಿ, ಮುಚ್ಚಳ ತೆಗೆದಿಟ್ಟು ಇಂಜಿನು ಓಡಿಸುತ್ತ, ರಬ್ಬರ್ ಪೈಪು ಹಿಸುಕಿ ಹಿಸುಕಿ ಒಳಗಿನ ಗಾಳಿ ಹೊರಡಿಸಿದ. ಮತ್ತೆ ಪಂಪು ಹಾಕಿ ಒತ್ತಡ ಕೊಟ್ಟ. ಈ ಸಲ ಮುಳ್ಳು ಕದಲಲಿಲ್ಲ.

"ಹೋಗ್ರಿ. ನಿಲ್ಲಿಸಬ್ಯಾಡ್ರಿ" ಎಂದ. ಹನ್ನೊಂದು ಗಂಟೆ ಆಗುತ್ತ ಬಂದಿತ್ತು.

ಚಿತ್ರದುರ್ಗ

ಬಂಡೆಗಳ ಗುಡ್ಡ, ಅದರ ಮೈಮೇಲೆ ಹರಿದ ಕೋಟೆಗೋಡೆ ಎಡಕ್ಕೆ ಕಂಡವು. ಚಂದ್ರವಳ್ಳಿಗೆ ದಾರಿ ಎಂಬ ಫಲಕ ಹಿಂದಕ್ಕೆ ಹೋಯಿತು. ನನ್ನ ಕಣ್ಣು ಬಿಸಿಯ ಮುಳ್ಳಿನ ಮೇಲೆಯೇ ಇತ್ತು. ಅದು ನಡುವಿನಿಂದ ಮೇಲೇರಲಿಲ್ಲ.

ಶವಾಗಾರದ ಮುಂದಿನ ಬೇವಿನ ನೆರಳಿನಲ್ಲಿ ಹಿರಿಯೂರಿನಿಂದ ಬಂದ ಮಹಿಳಾ ಪೊಲೀಸ್ ಕಾಯುತ್ತಿದ್ದಳು. ನನ್ನ ವಿದ್ಯಾರ್ಥಿನಿಯರ ವಯಸ್ಸು. "ಇನ್ನೂ ಹೊತ್ತೈತೆ, ಗಾಬರಿ ಆಗಬ್ಯಾಡ್ರಿ. ಮೊದಲು ನೀರು ಕುಡೀರಿ" ಎಂದಳು.

ಒಳಗೆ ಸಿಬ್ಬಂದಿಯವನೊಬ್ಬ ಬಟ್ಟೆ ಸರಿಸಿದ. ಮುಖ ಗುರುತು ಹತ್ತುವ ಹಾಗೆ ಇರಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎತ್ತರ ರಮೇಶನಷ್ಟೇ. ಕಲೆ ಅಲ್ಲಿಯೇ.

"ಇವನೇ" ಎಂದ ಅಣ್ಣ. ಬಟ್ಟೆ ಪೂರ್ತಿ ಸರಿಯುವ ಮೊದಲೇ ಎಂದ.

ಪೊಲೀಸಿನವಳು ಬರೆದುಕೊಳ್ಳಲು ಪೆನ್ನು ತೆಗೆದಳು. ನಾನು, "ಕಾಲು ತೋರಿಸಿ" ಎಂದೆ.

"ಯಾಕೆ? ಕಲೆ ನೋಡಿದೆಯಲ್ಲ" ಎಂದ ಅಣ್ಣ.

"ಎಡ ಪಾದ ತೋರಿಸಿ."

ರಮೇಶನ ಎಡಗಾಲಿನ ಎರಡು ಬೆರಳು ಹುಟ್ಟಿನಿಂದಲೇ ಅರ್ಧದವರೆಗೆ ಕೂಡಿಕೊಂಡಿದ್ದವು. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳಾದ ನಾನು ಅವನ ಕಾಲು ತೊಳೆದು ಬೆಳೆಸಿದವಳು. ದೂರು ಬರೆಸುವಾಗ ಆ ಗಾಬರಿಯಲ್ಲಿ ಇದನ್ನು ಹೇಳಲು ಮರೆತಿದ್ದೆವು. ನನ್ನ ಮುಂದೆ ಇದ್ದ ಪಾದದಲ್ಲಿ ಐದು ಬೆರಳೂ ಬೇರೆ ಬೇರೆ ಇದ್ದವು.

ಅಣ್ಣನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನ ಮುಖ ನೋಡಿದೆ. ಅವನು ನನ್ನ ಕೈ ಹಿಡಿದು ಗೋಡೆಯ ಬದಿಗೆ ಎಳೆದ.

"ಸುಮತಿ, ಸುಮ್ಮನಿರು. ಕರಕೊಂಡು ಹೋಗುವ. ಶಾರದೆ ಹನ್ನೊಂದು ವರ್ಷದಿಂದ ಗಂಡ ಉಂಟು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಅವಳಿಗೆ ಒಂದು ಕೊನೆ ಬೇಡವಾ? ಇವನನ್ನು ಕೇಳುವವರು ಯಾರೂ ಇಲ್ಲ. ನಾವು ಸುಟ್ಟರೆ ಇವನಿಗೂ ಒಳ್ಳೆಯದೇ."

ಬೆರಳುಗಳನ್ನು ಕಂಡ ಕ್ಷಣ ನನಗೆ ಸಮಾಧಾನ ಆಗಿರಲಿಲ್ಲ. ತಮ್ಮ ಬದುಕಿರಬಹುದು ಎಂಬ ಯೋಚನೆ ಆಮೇಲೆ ಬಂತು. ಮೊದಲು ಬಂದದ್ದು, ಇನ್ನೂ ಮುಗಿಯಲಿಲ್ಲವಲ್ಲ ಎಂಬ ಬೇಸರ. ಅಣ್ಣ ಸುಳ್ಳಿನಲ್ಲಿ ಹೇಳಿದ್ದನ್ನು ನಾನು ಮನಸ್ಸಿನಲ್ಲಿ ಆಶಿಸಿದ್ದೆ.

"ಇವನ ಮನೆಯಲ್ಲಿಯೂ ಯಾರೋ ದೂರು ಕೊಟ್ಟಿರುತ್ತಾರೆ ಅಣ್ಣ" ಎಂದೆ. "ನಾವು ಕೊಂಡುಹೋದರೆ ಅವರು ಎಲ್ಲಿ ಹುಡುಕುವುದು?"

ಅವನು ಕೈ ಬಿಟ್ಟ. ನಾನು ಪೊಲೀಸಿನವಳ ಹತ್ತಿರ ಹೋಗಿ, "ಇವನು ನಮ್ಮ ತಮ್ಮ ಅಲ್ಲ" ಎಂದೆ. ಅವಳು ಇಬ್ಬರನ್ನೂ ನೋಡಿದಳು. ಅಣ್ಣ ಹೌದೆನ್ನುವಂತೆ ತಲೆ ತಗ್ಗಿಸಿದ.

ಆ ಮನುಷ್ಯನನ್ನು ಊರ ಹೊರಗೆ ಮಣ್ಣು ಮಾಡುವಾಗ ಇಬ್ಬರೂ ಅಲ್ಲಿ ನಿಂತಿದ್ದೆವು. ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ಕೆಂಪು ಗಟ್ಟಿ ನೆಲ. ಗುದ್ದಲಿ ಕಲ್ಲಿಗೆ ತಾಗಿ ಸದ್ದಾಗುತ್ತಿತ್ತು. ಅಣ್ಣ ಎಡಗೈಯಿಂದ ಒಂದು ಹಿಡಿ ಮಣ್ಣು ಹಾಕಿದ.

ಹಿರಿಯೂರು, ಮಾರಿಕಣಿವೆ

ಹೇಳಿಕೆಗೆ ಸಹಿ ಹಾಕಲು ಹಿರಿಯೂರಿನ ಠಾಣೆಗೆ ಹೋಗಬೇಕಿತ್ತು. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಜೀಪು ಚೆನ್ನಾಗಿಯೇ ಓಡಿತು. ಠಾಣೆಯ ಮುಂದೆ ಆರಲು ಬಿಟ್ಟು ಮುಚ್ಚಳ ತೆಗೆದರೆ ಹಸಿರು ನೀರು ಬಾಯಿಮಟ್ಟ ಇತ್ತು. ಪೆನ್ನು ಹಿಡಿಯಲಾಗದ ಅಣ್ಣ ಹೆಬ್ಬೆಟ್ಟು ಒತ್ತಿದ. ಇಳಿಹೊತ್ತಿನಲ್ಲಿ ರುದ್ರಣ್ಣನ ಫೋನು ಬಂತು.

"ಗಾಡಿ ಹೆಂಗೈತ್ರಿ ಅಕ್ಕಾ?"

"ಚೆನ್ನಾಗಿದೆ ರುದ್ರಣ್ಣ."

"ಅವ್ರು?"

"ಅವನಲ್ಲ."

"ಹ್ಞೂಂ" ಎಂದ. ಒಳ್ಳೆಯದಾಯಿತು ಎನ್ನಬೇಕೋ ಬೇಡವೋ ಎಂದು ಅವನಿಗೂ ತಿಳಿಯಲಿಲ್ಲ. "ನಿಧಾನಕ್ಕೆ ಹೋಗ್ರಿ."

ಹೊಸದುರ್ಗದ ದಾರಿಯಲ್ಲಿ ಮಾರಿಕಣಿವೆ ಸಿಗುತ್ತದೆ. ಎರಡು ಗುಡ್ಡದ ನಡುವೆ ಕಟ್ಟಿದ ಕಲ್ಲಿನ ಅಣೆ, ಹಿಂದೆ ಕಣ್ಣು ಮುಟ್ಟುವವರೆಗೆ ನೀರು. ಆ ಒಣ ಸೀಮೆಯಲ್ಲಿ ಅಷ್ಟು ನೀರು ನೋಡಿ ನನಗೆ ನಮ್ಮ ಕಡಲು ನೆನಪಾಗಲಿಲ್ಲ. ಇದು ಅಲುಗದ ನೀರು. ಕಾಲುವೆಯ ತೂಬಿನ ಹತ್ತಿರ ಕುಳಿತಿದ್ದ ನೀರಗಂಟಿಯನ್ನು ಅಣ್ಣ ಮಾತಾಡಿಸಿದ. ಸತ್ತವನನ್ನು ಮೊದಲು ಕಂಡವನು ಅವನೇ.

"ಎಲ್ಡು ತಿಂಗ್ಳಿಂದ ಇಲ್ಲೇ ಇದ್ದ ಸ್ವಾಮಿ. ಮಾತು ಕಮ್ಮಿ. ಯಾವೂರಪ್ಪ ಅಂದ್ರೆ ಗುಡ್ಡದ ಕಡೆ ಕೈ ತೋರ್ಸಾನು. ಮೀನು ಹಿಡಿಯೋರು ಉಣ್ಣಕ್ಕೆ ಕೊಡೋರು."

"ಆ ಚೀಲ?" ಎಂದು ಕೇಳಿದೆ.

"ಅದಾ, ನಿಮ್ಮ ಕಡೆ ಬಸ್ಸು ಒಂದು ಡ್ಯಾಮ್ ನೋಡಕ್ಕೆ ಬಂದಿತ್ತು. ಉಳಿದ ಚಿತ್ರಾನ್ನ ಅದ್ರಾಗೆ ಹಾಕಿ ಕೊಟ್ಟು ಹೋದ್ರು. ಅವತ್ತಿಂದ ಬಿಟ್ಟಿರ್ಲಿಲ್ಲ."

ಅಣ್ಣ ಕಾಲುವೆಯ ಕಟ್ಟೆಯ ಮೇಲೆ ಕುಳಿತ. ಬೆನ್ನು ಅಲುಗುವುದು ಕಂಡಿತು. ರಮೇಶ ಹೋದ ಮೇಲೆ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ನೀರಗಂಟಿ ಎದ್ದು, ನೀರು ನೋಡುವ ನೆಪದಲ್ಲಿ ದೂರ ಹೋದ.

ಶಾರದೆಗೆ ಫೋನು ಮಾಡುವ ಕೆಲಸ ನನ್ನದಾಯಿತು. ಅವಳು ನಮ್ಮೂರಿನ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಒಂದೇ ರಿಂಗಿಗೆ ಎತ್ತಿದಳು.

"ಅಲ್ಲ ಶಾರದೆ" ಎಂದೆ. "ಬೇರೆ ಯಾರೋ."

ಆ ಕಡೆ ಹಿತ್ತಲಿನ ಕೋಳಿಗಳ ಸದ್ದು ಕೇಳುತ್ತಿತ್ತು.

"ಹದಿಮೂರು ದಿನಕ್ಕೆ ರಜೆ ಬರೆದು ಕೊಟ್ಟಿದ್ದೆ ಅತ್ತಿಗೆ" ಎಂದಳು. "ನಾಳೆ ಹೋಗಿ ವಾಪಸು ತೆಗೆದುಕೊಳ್ಳುತ್ತೇನೆ."